ವರಕ್ಕೊಂದು ಷರತ್ತು

ಕುರುಕ್ಷೇತ್ರದ ಹದಿನಾಲ್ಕನೆಯ ದಿನ. ಸೂರ್ಯ ಮುಳುಗಿದರೂ ಯುದ್ಧ ನಿಲ್ಲಲಿಲ್ಲ; ಪಂಜಿನ ಬೆಳಕಿನಲ್ಲಿ ಮುಂದುವರಿಯಿತು. ಇರುಳೇರಿದಷ್ಟೂ ಬಲವೇರುವ ಘಟೋತ್ಕಚ ಆಕಾಶದಿಂದ ಬಂಡೆ, ಮರ, ಬೆಂಕಿ ಸುರಿಸುತ್ತಿದ್ದಾನೆ. ದಿಕ್ಕೆಟ್ಟ ಕೌರವ ಸೇನೆ ಕರ್ಣನಿಗೆ ಮೊರೆಯಿಟ್ಟಿತು. ಕರ್ಣನ ಬಳಿ ಇಂದ್ರ ಕೊಟ್ಟ ಶಕ್ತ್ಯಾಯುಧವಿತ್ತು. ಅದು ಯಾರ ಮೇಲೆ ಬಿದ್ದರೂ ಸಾವು ಖಚಿತ, ಆದರೆ ಒಂದೇ ಸಲ. ಆಮೇಲೆ ಅದು ಇಂದ್ರನ ಕೈಗೇ ಮರಳುತ್ತದೆ. ಅರ್ಜುನನಿಗೆಂದು ವರ್ಷಗಟ್ಟಲೆ ಜತನದಿಂದ ಕಾದಿಟ್ಟ ಅದನ್ನು ಕರ್ಣ ಆ ರಾತ್ರಿ ಘಟೋತ್ಕಚನ ಮೇಲೆ ಬಿಟ್ಟ. ಭೀಮನ ಮಗ ಸತ್ತು ಬಿದ್ದಾಗ ಪಾಂಡವರ ಪಾಳೆಯವೆಲ್ಲ ಅಳುತ್ತಿದ್ದರೆ ಕೃಷ್ಣ ಮಾತ್ರ ಅರ್ಜುನನನ್ನು ತಬ್ಬಿಕೊಂಡು ಕುಣಿದ.

ಈ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ನೋಡುವಾಗ, ಥಾರ್‌ನ ಸುತ್ತಿಗೆ ಹಾರಿಬಂದು ಕ್ಯಾಪ್ಟನ್ ಅಮೆರಿಕಾನ ಕೈ ಸೇರಿ ಇಡೀ ಥಿಯೇಟರ್ ಶಿಳ್ಳೆ ಹೊಡೆದಾಗ ಆದದ್ದೂ ಅದೇ ರೋಮಾಂಚನ. ಪುರಾಣ, ವೈಜ್ಞಾನಿಕ ಕಥೆ, ಸೂಪರ್‌ಹೀರೋ ಸಿನಿಮಾ ಮೂರನ್ನೂ ಒಂದೇ ಉಸಿರಿನಲ್ಲಿ ಪ್ರೀತಿಸುವ ನನ್ನಂಥವರು ಕನ್ನಡದಲ್ಲಿ ಲೆಕ್ಕವಿಲ್ಲದಷ್ಟು ಇದ್ದೇವೆ. ‘ಇವೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಹೆಮ್ಮೆಯ ಮಾತಿನಿಂದ ಈ ಪ್ರೀತಿಗೆ ವಿವರಣೆ ಸಿಗುವುದಿಲ್ಲ. ನನಗೆ ಕಂಡಂತೆ ಈ ಮೂರೂ ಬಗೆಯ ಕಥೆಗಳ ಜೀವನಾಡಿ ಒಂದೇ: ಶಕ್ತಿಗೆ ಅಂಟಿಕೊಂಡು ಬರುವ ಷರತ್ತು. ಕರ್ಣನ ಆಯುಧಕ್ಕೆ ‘ಒಂದೇ ಸಲ’ ಎಂಬ ನಿಬಂಧನೆ ಇರದಿದ್ದರೆ ಆ ರಾತ್ರಿ ಕೃಷ್ಣ ಕುಣಿಯಲು ಕಾರಣವೇ ಇರುತ್ತಿರಲಿಲ್ಲ. ಅಲ್ಲಿಂದ ಮುಂದಿನ ಮಹಾಭಾರತವೂ ಬೇರೆಯೇ ಆಗುತ್ತಿತ್ತು.

ಸೂಪರ್‌ಮ್ಯಾನ್‌ನ ಚರಿತ್ರೆಯನ್ನೇ ನೋಡಿ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಇಬ್ಬರು ತರುಣರು, ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್, ಕಲ್ಪಿಸಿದ ಈ ವೀರ 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ. ಆ ಪಾತ್ರದ ಹಕ್ಕನ್ನು ಅವರು ಪ್ರಕಾಶಕರಿಗೆ ಮಾರಿದ್ದು 130 ಡಾಲರಿಗೆ. ಆಗ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ. ಕಟ್ಟಡಗಳನ್ನು ಜಿಗಿದು ದಾಟುತ್ತಿದ್ದ, ಅಷ್ಟೆ. 1941ರಲ್ಲಿ ಫ್ಲೈಶರ್ ಸ್ಟುಡಿಯೊ ಅವನ ಕಾರ್ಟೂನ್ ಚಿತ್ರಗಳನ್ನು ತಯಾರಿಸುವಾಗ ಆ ಕುಪ್ಪಳಿಸುವಿಕೆ ತೆರೆಯ ಮೇಲೆ ಚೆಂದ ಕಾಣುವುದಿಲ್ಲ ಎನ್ನಿಸಿ ಅವನಿಗೆ ಹಾರಾಟ ಕೊಟ್ಟಿತು. ಹೀಗೆ ಒಂದೊಂದೇ ಶಕ್ತಿ ಸೇರುತ್ತ ಹೋದಂತೆ ಬರಹಗಾರರಿಗೆ ಪೇಚು ಶುರುವಾಯಿತು. ಯಾವುದಕ್ಕೂ ಬಗ್ಗದವನನ್ನು ಯಾವ ಅಪಾಯಕ್ಕೆ ಒಡ್ಡುವುದು? 1943ರಲ್ಲಿ ರೇಡಿಯೊ ಧಾರಾವಾಹಿಯಲ್ಲಿ ಅವನನ್ನು ಕಂಗೆಡಿಸುವ ಕ್ರಿಪ್ಟೊನೈಟ್ ಬಂತು, 1949ರಲ್ಲಿ ಕಾಮಿಕ್ಸ್ ಪುಟಕ್ಕೂ ಇಳಿಯಿತು. ಅದು ಅವನು ಹುಟ್ಟಿದ ಗ್ರಹದ್ದೇ ಚೂರು. ತವರಿನ ಮಣ್ಣೇ ವಿಷವಾಗುವ ಈ ಕಲ್ಪನೆ ಸೂಪರ್‌ಮ್ಯಾನ್‌ಗೆ ಸಿಕ್ಕ ಅತಿ ದೊಡ್ಡ ಉಡುಗೊರೆ ಎಂದೇ ನಾನು ಹೇಳುತ್ತೇನೆ.

ಕರ್ಣನದು ಇದಕ್ಕೆ ತದ್ವಿರುದ್ಧವಾದ ದಾರಿ. ಹುಟ್ಟಿನಿಂದಲೇ ಮೈಗಂಟಿದ ಕವಚ, ಕಿವಿಯಲ್ಲಿ ಕುಂಡಲ. ಅವಿದ್ದಷ್ಟು ದಿನ ಅವನಿಗೆ ಸಾವಿಲ್ಲ. ಬೇಡಲು ಬಂದವನು ಇಂದ್ರನೆಂದು ತಿಳಿದೂ ಅವನ್ನು ತಾನೇ ಕೊಯ್ದು ಕೊಟ್ಟ. ಸೂಪರ್‌ಮ್ಯಾನ್‌ನ ದೌರ್ಬಲ್ಯ ಹೊರಗಿನಿಂದ ಬಂದರೆ ಕರ್ಣನದು ಅವನ ಒಳ್ಳೆಯತನದಿಂದಲೇ ಬಂತು. ಪಂಪನಿಂದ ಹಿಡಿದು ಇಂದಿನ ರಂಗಭೂಮಿಯವರೆಗೆ ಕನ್ನಡಿಗರು ಅರ್ಜುನನಿಗಿಂತ ಕರ್ಣನಿಗೇ ಹೆಚ್ಚು ಮರುಗಿದ್ದಾರೆ. ಅದರ ಹಿಂದೆ ಈ ಕೊಟ್ಟು ಕಳೆದುಕೊಂಡ ಕಥೆಯ ಪಾಲು ದೊಡ್ಡದು.

ಷರತ್ತಿನ ಕುಶಲಕಲೆ ತುತ್ತತುದಿ ಮುಟ್ಟಿದ್ದು ಹಿರಣ್ಯಕಶಿಪುವಿನ ವರದಲ್ಲಿ. ಮನುಷ್ಯನಿಂದ ಸಾವು ಬೇಡ, ಪ್ರಾಣಿಯಿಂದ ಬೇಡ. ಒಳಗೆ ಬೇಡ, ಹೊರಗೆ ಬೇಡ. ಹಗಲು ಬೇಡ, ಇರುಳು ಬೇಡ. ನೆಲದ ಮೇಲೆ, ಆಕಾಶದಲ್ಲಿ ಬೇಡ. ಆಯುಧದಿಂದ ಬೇಡ. ಪಕ್ಕಾ ವಕೀಲನೊಬ್ಬ ಕೂತು ಬರೆಸಿದಂಥ ಕರಾರು. ಅದರ ಒಂದು ಅಕ್ಷರವನ್ನೂ ಮುರಿಯದೆ ನರಸಿಂಹ ಬಂದ: ಹೊಸ್ತಿಲು, ಮುಸ್ಸಂಜೆ, ತೊಡೆ, ಉಗುರು. ವರ ಕೊಟ್ಟ ಬ್ರಹ್ಮನ ಮಾತು ಉಳಿಯಿತು, ವರ ಪಡೆದವನು ಉಳಿಯಲಿಲ್ಲ. ದೇವರೂ ನಿಯಮ ಮೀರುವಂತಿಲ್ಲ, ಅದರ ಸಂದಿಯಲ್ಲಿ ನುಸುಳಿಯೇ ಬರಬೇಕು ಎಂಬ ಈ ಕಟ್ಟುನಿಟ್ಟು ನನ್ನನ್ನು ಚಿಕ್ಕಂದಿನಿಂದ ಹಿಡಿದಿಟ್ಟಿದೆ. ಬೆಂಗಳೂರಿನ ಹೊಂಬಾಳೆ ಫಿಲಂಸ್ 2025ರಲ್ಲಿ ತೆರೆಗೆ ತಂದ ‘ಮಹಾವತಾರ್ ನರಸಿಂಹ’ ಎಂಬ ಆ್ಯನಿಮೇಶನ್ ಚಿತ್ರಕ್ಕೆ ಜನ ಮುಗಿಬಿದ್ದಾಗ ನನಗೆ ಅಚ್ಚರಿಯಾಗಲಿಲ್ಲ. ಕೊನೆಯಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿದ್ದೂ ಆ ಕಂಬ ಒಡೆಯುವುದನ್ನು ಎಲ್ಲರೂ ಕಾಯುತ್ತಾರೆ.

ಈಗ ಐಸಾಕ್ ಅಸಿಮೋವ್‌ನ ಬಳಿಗೆ ಬನ್ನಿ. ರೋಬಾಟ್‌ಗಳಿಗೆ ಮೂರು ನಿಯಮಗಳನ್ನು ವಿಧಿಸಿದ ಬರಹಗಾರ ಅವನು. ಮನುಷ್ಯನಿಗೆ ಹಾನಿ ಮಾಡಬಾರದು, ಹಾನಿಯಾಗಲೂ ಬಿಡಬಾರದು; ಮೊದಲ ನಿಯಮಕ್ಕೆ ಧಕ್ಕೆಯಾಗದಂತೆ ಮನುಷ್ಯನ ಆಜ್ಞೆ ಪಾಲಿಸಬೇಕು; ಈ ಎರಡಕ್ಕೂ ಧಕ್ಕೆಯಾಗದಂತೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಮೂರೂ ನಿಯಮ ಸ್ಪಷ್ಟವಾಗಿ ಮೊದಲು ಬಂದದ್ದು 1942ರ ‘ರನ್‌ಅರೌಂಡ್’ ಕಥೆಯಲ್ಲಿ. ಅದರಲ್ಲಿ ಬುಧ ಗ್ರಹದ ಮೇಲಿರುವ ಇಬ್ಬರು ಮನುಷ್ಯರು ಸ್ಪೀಡಿ ಎಂಬ ರೋಬಾಟನ್ನು ಸೆಲೆನಿಯಂ ತರಲು ಕಳಿಸುತ್ತಾರೆ. ಅದು ಮರಳಿ ಬರುವುದಿಲ್ಲ. ಹುಡುಕಿ ಹೋದರೆ ಸೆಲೆನಿಯಂ ಕೊಳದ ಸುತ್ತ ಕುಡಿದವನ ಹಾಗೆ ತೊದಲುತ್ತ ಸುತ್ತುತ್ತಿದೆ. ಕಾರಣವಿಷ್ಟೆ: ಆಜ್ಞೆಯನ್ನು ಒತ್ತಿ ಹೇಳಿರಲಿಲ್ಲವಾದ್ದರಿಂದ ಎರಡನೆಯ ನಿಯಮ ದುರ್ಬಲವಾಗಿತ್ತು. ರೋಬಾಟ್ ದುಬಾರಿಯೆಂದು ತಯಾರಕರು ಮೂರನೆಯ ನಿಯಮವನ್ನು ಬಿಗಿ ಮಾಡಿದ್ದರು. ಕೊಳದ ಹತ್ತಿರ ಅದಕ್ಕೆ ಅಪಾಯ. ಮುಂದೆ ಹೋಗು ಎನ್ನುವ ನಿಯಮವೂ ಹಿಂದೆ ಸರಿ ಎನ್ನುವ ನಿಯಮವೂ ಸರಿಸಮವಾದ ಗೆರೆಯ ಮೇಲೆ ಸ್ಪೀಡಿ ಸಿಕ್ಕಿಬಿದ್ದಿದೆ. ಕೊನೆಗೆ ಅವರಲ್ಲೊಬ್ಬ ತನ್ನ ಪ್ರಾಣವನ್ನೇ ಅಪಾಯಕ್ಕೊಡ್ಡಿ ಮೊದಲ ನಿಯಮವನ್ನು ಎಚ್ಚರಿಸಿದ ಮೇಲೆಯೇ ಅದಕ್ಕೆ ಬಿಡುಗಡೆ.

ಆ ರೋಬಾಟ್ ನಿಂತದ್ದೂ ಒಂದು ಹೊಸ್ತಿಲ ಮೇಲೆಯೇ! ಅಸಿಮೋವ್ ನರಸಿಂಹನ ಕಥೆ ಓದಿದ್ದನೆಂದು ನಾನು ಹೇಳುತ್ತಿಲ್ಲ. ನಿಯಮವೊಂದನ್ನು ಗಟ್ಟಿಯಾಗಿ ಕಟ್ಟಿ, ಅದರ ಬಿರುಕು ಹುಡುಕುವುದರಲ್ಲಿರುವ ಬುದ್ಧಿಯ ಸುಖ ಎರಡು ಕಡೆಯೂ ಒಂದೇ ಎನ್ನುತ್ತಿದ್ದೇನೆ. ‘ಚಂದಮಾಮ’ದಲ್ಲಿ ಬೇತಾಳನ ಕಥೆಗಳನ್ನು ಓದಿ ಬೆಳೆದವರಿಗೆ ಈ ಸುಖ ಚೆನ್ನಾಗಿ ಗೊತ್ತು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಹಸ್ರ ಹೋಳು. ಹೇಳಿದರೆ ಮೌನ ಮುರಿದು ಶವ ಮತ್ತೆ ಮರವೇರುತ್ತದೆ. ಶವ ಹೊತ್ತ ರಾಜ ತ್ರಿವಿಕ್ರಮನೂ ಸ್ಪೀಡಿಯಂತೆ ಸುತ್ತುತ್ತಲೇ ಇರಬೇಕು.

ವರ ಕೇಳುವವರ ಅಹಂಕಾರವೇ ಅವರ ಕಣ್ಣಿಗೆ ಮಂಕು ಹಿಡಿಸುವುದು ಇನ್ನೊಂದು ಸೊಗಸು. ದೇವ, ದಾನವ, ಯಕ್ಷರಿಂದ ರಕ್ಷಣೆ ಕೇಳಿದ ರಾವಣ ನರ, ವಾನರರನ್ನು ಲೆಕ್ಕಕ್ಕೇ ಇಡಲಿಲ್ಲ. ಮಹಿಷಾಸುರ ಹೆಣ್ಣನ್ನು ಎಣಿಸಲಿಲ್ಲ; ಅವನ ಹೆಸರು ಹೊತ್ತ ಮೈಸೂರಿನಲ್ಲಿ ಬೆಟ್ಟದ ಮೇಲೆ ಅವನನ್ನು ಕೊಂದ ಚಾಮುಂಡಿ ಇದ್ದಾಳೆ. ಟೋಲ್ಕೀನ್‌ನ ‘ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಯಾವ ಗಂಡಸಿನ ಕೈಯಲ್ಲೂ ಸಾಯನೆಂಬ ಭವಿಷ್ಯವಾಣಿಯನ್ನು ನಂಬಿ ಮೆರೆದ ಮಾಟಗಾರ ದೊರೆಯನ್ನು ಕೊಂದವಳೂ ಎಯೊವಿನ್ ಎಂಬ ಹೆಣ್ಣುಮಗಳೇ.

ಇನ್ನು, ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವ ವರ ಪಡೆದ ಭಸ್ಮಾಸುರ. ಭಾಗವತದಲ್ಲಿ ಅವನ ಹೆಸರು ವೃಕಾಸುರ. ಅವನನ್ನು ಮರುಳು ಮಾಡಲು ವಿಷ್ಣು ಅಲ್ಲಿ ಬ್ರಹ್ಮಚಾರಿ ವಟುವಾಗಿ ಬರುತ್ತಾನೆ. ನಮ್ಮ ಜನಕ್ಕೆ ಪ್ರಿಯವಾದದ್ದು ಮೋಹಿನಿಯ ಕುಣಿತವಿರುವ ಕಥೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಯಾಣದಲ್ಲಿ ಕಾಡಿನ ನಡುವೆ ಕಪ್ಪಗೆ ಎದ್ದು ನಿಂತ ಸುಣ್ಣಕಲ್ಲಿನ ಶಿಖರಗಳಿವೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಭಸ್ಮಾಸುರ ಸುಟ್ಟು ಬೂದಿಯಾದ ಬೆಂಕಿಯಲ್ಲೇ ಈ ಬಂಡೆ ಕಪ್ಪಾಯಿತೆಂದು ಅಲ್ಲಿನವರು ಹೇಳುತ್ತಾರೆ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆಯ ಮಾತಿಗೆ ಅಲ್ಲಿನ ಕಡಿದಾದ ದಾರಿಯೇ ಸಾಕ್ಷಿ. ಕೊಟ್ಟವನ ತಲೆಯ ಮೇಲೇ ಕೈಯಿಡಲು ಬರುವ ಶಕ್ತಿಯ ಭಯ ವೈಜ್ಞಾನಿಕ ಕಥೆಗಳಿಗೆ ಮೂಲ ಬಂಡವಾಳ. ಆ ಪ್ರಕಾರದ ಮೊದಲ ಕಾದಂಬರಿಯೆಂದು ಅನೇಕರು ಗುರುತಿಸುವ, 1818ರಲ್ಲಿ ಪ್ರಕಟವಾದ ‘ಫ್ರಾಂಕನ್‌ಸ್ಟೈನ್’ ಬರೆಯಲು ಕೂತಾಗ ಮೇರಿ ಶೆಲ್ಲಿಗೆ 18 ವರ್ಷ. ಅವಳು ಅದಕ್ಕೆ ‘ಆಧುನಿಕ ಪ್ರೊಮಿಥಿಯಸ್’ ಎಂಬ ಉಪಶೀರ್ಷಿಕೆಯನ್ನೂ ಇಟ್ಟಳು. ದೇವತೆಗಳ ಬೆಂಕಿ ಕದ್ದ ಗ್ರೀಕ್ ಪುರಾಣಪುರುಷನ ಹೆಸರದು. ವೈಜ್ಞಾನಿಕ ಕಥೆ ತನ್ನ ಮೊದಲ ಹೆಜ್ಜೆಯಲ್ಲೇ ಪುರಾಣದ ಕೈ ಹಿಡಿದಿತ್ತು.

ಮಾರ್ವೆಲ್‌ನವರು 1962ರಲ್ಲಿ ಸ್ಟ್ಯಾನ್ ಲೀ, ಲ್ಯಾರಿ ಲೀಬರ್, ಜ್ಯಾಕ್ ಕರ್ಬಿ ಅವರ ಕೈಯಲ್ಲಿ ಥಾರ್‌ನನ್ನು ಕಾಮಿಕ್ಸಿಗೆ ತಂದಾಗ ಒಂದು ಪುರಾಣವನ್ನೇ ಇಡಿಯಾಗಿ ಎತ್ತಿಕೊಂಡರು. ಮೂಲದಲ್ಲಿ ಅವನು ಸ್ಕ್ಯಾಂಡಿನೇವಿಯಾದ ಗುಡುಗಿನ ದೇವರು. ಅವನ ಕಥೆಗಳನ್ನು ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ 13ನೇ ಶತಮಾನದಲ್ಲಿ ಬರೆದಿಟ್ಟ. ಸ್ನೋರಿ ಹೇಳುವಂತೆ ಆ ಸುತ್ತಿಗೆಗೆ ಹಿಡಿ ಗಿಡ್ಡ. ಕುಬ್ಜ ಕಮ್ಮಾರ ಅದನ್ನು ತಯಾರಿಸುವಾಗ ಕಿಡಿಗೇಡಿ ದೇವತೆ ಲೋಕಿ ನೊಣವಾಗಿ ಬಂದು ಕಚ್ಚಿ ಕೆಲಸ ಕೆಡಿಸಿದನಂತೆ. ಅದನ್ನು ಹಿಡಿಯಲು ಥಾರ್‌ಗೆ ಕಬ್ಬಿಣದ ಕೈಗವಸು ಬೇಕು. ‘ಯೋಗ್ಯನಾದವನು ಮಾತ್ರ ಎತ್ತಬಲ್ಲ’ ಎಂಬ ಷರತ್ತು ಅಲ್ಲಿಲ್ಲ. ಅದು ಮಾರ್ವೆಲ್‌ನವರ ಸೇರ್ಪಡೆ. 2011ರ ‘ಥಾರ್’ ಚಿತ್ರದಲ್ಲಿ ಆ ಷರತ್ತನ್ನು ಬಿತ್ತಿ, 2015ರ ಚಿತ್ರದ ಪಾರ್ಟಿಯೊಂದರಲ್ಲಿ ಕ್ಯಾಪ್ಟನ್ ಅಮೆರಿಕಾನ ಕೈಯಲ್ಲಿ ಸುತ್ತಿಗೆ ಒಂದಿಷ್ಟು ಅಲುಗಾಡಿದಂತೆ ತೋರಿಸಿ, 2019ರಲ್ಲಿ ಫಲ ಕೊಯ್ದರು. ಮಿಥಿಲೆಯಲ್ಲಿ ಶಿವಧನುಸ್ಸು ಎತ್ತಲಾರದೆ ರಾಜರೆಲ್ಲ ತಲೆತಗ್ಗಿಸಿದ್ದನ್ನು ಬಲ್ಲ ನಮಗೆ ಆ ಶಿಳ್ಳೆ ತಾನಾಗಿಯೇ ಬಂತು.

ನಮ್ಮ ನಾಡಿನಲ್ಲಿ ಪುರಾಣ, ಕಾಮಿಕ್ಸ್ ಎಂಬ ಎರಡು ಲೋಕಗಳನ್ನು ಬೆಸೆದ ಒಬ್ಬ ವ್ಯಕ್ತಿಯನ್ನು ಇಲ್ಲಿ ನೆನೆಯಲೇಬೇಕು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಮುಂಬೈಯಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಶುರು ಮಾಡಿದ ಇಂದ್ರಜಾಲ ಕಾಮಿಕ್ಸ್‌ಗೆ ದುಡಿದವರು. ಮುಖವಾಡದ ಫ್ಯಾಂಟಮ್‌ನನ್ನು ಭಾರತದ ಮನೆಮನೆಗೆ ತಂದ ಮಾಲಿಕೆ ಅದು. 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಕ್ವಿಜ್ ಒಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿ, ರಾಮನ ತಾಯಿಯ ಹೆಸರು ಕೇಳಿದಾಗ ಸುಮ್ಮನಾದದ್ದನ್ನು ಕಂಡು ‘ಅಮರ ಚಿತ್ರಕಥಾ’ಕ್ಕೆ ಕೈಹಾಕಿದರು. ಫ್ಯಾಂಟಮ್‌ನ ಚೌಕಟ್ಟುಗಳಲ್ಲಿ ಪಳಗಿದ ಕೈಯೇ ಕೃಷ್ಣನನ್ನೂ ಭೀಷ್ಮನನ್ನೂ ಚೌಕಟ್ಟಿಗೆ ತಂದಿತು. ಒಂದು ತಲೆಮಾರಿನ ಮಕ್ಕಳು ಎರಡನ್ನೂ ಒಂದೇ ಟ್ರಂಕಿನಲ್ಲಿ ಬಚ್ಚಿಟ್ಟು ಓದಿದರು.

‘ಇವನು ಗೆಲ್ಲುತ್ತಾನೋ ಅವನೋ’ ಎಂದು ರಾತ್ರಿಯಿಡೀ ವಾದಿಸುವ ಅಭಿಮಾನಿಗಳ ಚಟವೂ ನಮ್ಮಲ್ಲಿ ಹೊಸತಲ್ಲ. ಕರಾವಳಿ, ಮಲೆನಾಡಿನ ತಾಳಮದ್ದಳೆ ಮಾಡುವುದು ಅದನ್ನೇ, ಮತ್ತು ಬಹಳ ಎತ್ತರದಲ್ಲಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಿಗೆ ಮಾತು ಬೆಳೆಸುತ್ತಾರೆ. ‘ವಾಲಿವಧೆ’ ಪ್ರಸಂಗವನ್ನೇ ತೆಗೆದುಕೊಳ್ಳಿ. ಎದುರು ನಿಂತವನ ಅರ್ಧ ಬಲ ವಾಲಿಗೆ ಸೇರುತ್ತದೆಂಬ ನಂಬಿಕೆ ಜನಜನಿತ. ಹಾಗಿದ್ದರೆ ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಉಪಾಯವೋ ಅನ್ಯಾಯವೋ? ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿಯೂ ರಾವಣನಾಗಿಯೂ ಆಡಿದ ವಾದಗಳನ್ನು ಬಲ್ಲವರು ಇಂದಿಗೂ ಕೊಂಡಾಡುತ್ತಾರೆ. ಖಳನ ಕಡೆಯ ನ್ಯಾಯವನ್ನು ಇಷ್ಟು ಗಂಭೀರವಾಗಿ ಆಲಿಸಿದ ಪ್ರೇಕ್ಷಕರು ‘ಅವೆಂಜರ್ಸ್’ನ ಖಳ ಥಾನೋಸ್‌ನ ಮಾತಿಗೆ ಬೆರಗಾಗಬೇಕಿಲ್ಲ.

ಇಷ್ಟು ಪ್ರೀತಿಯಿಂದಲೇ ಒಂದು ಕಠಿಣ ಮಾತು ಹೇಳಬೇಕಿದೆ. ಪುರಾಣವನ್ನು ಹಳೆಯ ಕಾಲದ ಯಂತ್ರಶಾಸ್ತ್ರವೆಂದು ಓದುವುದು ಪುರಾಣಕ್ಕೇ ಮಾಡುವ ಅನ್ಯಾಯ. ಭಾಗವತದ ರೇವತಿಯ ಕಥೆ ನೋಡಿ. ಮಗಳಿಗೆ ತಕ್ಕ ವರ ಯಾರೆಂದು ಕೇಳಲು ರಾಜ ಕಕುದ್ಮಿ ಅವಳೊಂದಿಗೆ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾಯನ ನಡೆಯುತ್ತಿದೆ, ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಉರುಳಿವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳೂ ಅವರ ಮೊಮ್ಮಕ್ಕಳೂ ಉಳಿದಿಲ್ಲ. ಕೊನೆಗೆ ರೇವತಿಯ ಕೈಹಿಡಿದವನು ಬಲರಾಮ. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರದಲ್ಲಿ ಕೃಷ್ಣರಂಧ್ರದ ಬಳಿಯ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಹಡಗಿಗೆ ಮರಳಿದ ತಂದೆ, ತನಗಿಂತ ಬೇಗ ಬೆಳೆದುಬಿಟ್ಟ ಮಕ್ಕಳ ಸಂದೇಶ ನೋಡುತ್ತ ಅಳುತ್ತಾನೆ. ಎರಡರಲ್ಲೂ ಕಾಲ ಕೈತಪ್ಪಿದ ತಂದೆಯ ಸಂಕಟವಿದೆ. ಆದರೆ ಚಿತ್ರದ ಹಿಂದೆ ಐನ್‌ಸ್ಟೈನ್‌ನ ಸಮೀಕರಣಗಳಿವೆ, ಮುಂದೆ 2017ರಲ್ಲಿ ನೊಬೆಲ್ ಪಡೆದ ಕಿಪ್ ಥಾರ್ನ್ ಅವರ ಲೆಕ್ಕವಿದೆ. ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೋಡುವುದನ್ನು ಅದೇ ಸಮೀಕರಣದಿಂದ ಸರಿಪಡಿಸುತ್ತಾರೆ. ರೇವತಿಯ ಕಥೆಗೆ ಈ ಲೆಕ್ಕ ಇಲ್ಲ, ಬೇಕಾಗಿಯೂ ಇಲ್ಲ. ಅದನ್ನು ಸಾಪೇಕ್ಷ ಸಿದ್ಧಾಂತದ ಪುರಾವೆ ಮಾಡಹೊರಟರೆ ಗಾಯನ ಮುಗಿಯಲೆಂದು ಕಾದು ನಿಂತ ಆ ಅಪ್ಪ, ಮಗಳು ಇಬ್ಬರೂ ಕಣ್ಮರೆಯಾಗುತ್ತಾರೆ.

ಪುರಾಣವನ್ನು ಯಂತ್ರಶಾಸ್ತ್ರವೆಂದು ಓದುವುದರ ಪರೀಕ್ಷೆ ನಮ್ಮ ಬೆಂಗಳೂರಿನಲ್ಲೇ ನಡೆದದ್ದುಂಟು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯದೆಂದು ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ಕೂಲಂಕಷವಾಗಿ ಪರಿಶೀಲಿಸಿ 1974ರಲ್ಲಿ ವರದಿ ಪ್ರಕಟಿಸಿದರು. ಅದು 20ನೇ ಶತಮಾನದ ಆರಂಭದ ರಚನೆ, ಅದರಲ್ಲಿ ಬಣ್ಣಿಸಿದ ಯಾವ ವಿಮಾನವೂ ಹಾರಲಾರದು ಎಂಬುದು ಅವರ ತೀರ್ಮಾನ. ಪುಷ್ಪಕ ವಿಮಾನದ ಘನತೆ ಇದರಿಂದ ಕಿಂಚಿತ್ತೂ ಕುಗ್ಗಲಿಲ್ಲ. ವಾಲ್ಮೀಕಿಯ ಪುಷ್ಪಕಕ್ಕೆ ರೆಕ್ಕೆಯ ಅಳತೆ ಕೇಳಿದವರಾರು?

ಬ್ರಹ್ಮಾಸ್ತ್ರವನ್ನು ಅಣುಬಾಂಬ್ ಎಂದುಬಿಟ್ಟಾಗಲೂ ನಾವು ಕಳೆದುಕೊಳ್ಳುವುದು ಹೀಗೆಯೇ. ಸೌಪ್ತಿಕ ಪರ್ವದ ಕೊನೆಗೆ ಅಶ್ವತ್ಥಾಮನೂ ಅರ್ಜುನನೂ ಬ್ರಹ್ಮಶಿರಾಸ್ತ್ರ ಬಿಡುತ್ತಾರೆ. ಲೋಕ ಸುಟ್ಟುಹೋಗುವಂತಾದಾಗ ವ್ಯಾಸ, ನಾರದರು ನಡುವೆ ಬಂದು ನಿಲ್ಲುತ್ತಾರೆ. ವ್ರತನಿಷ್ಠನಾದ ಅರ್ಜುನ ತನ್ನ ಅಸ್ತ್ರವನ್ನು ಹಿಂದಕ್ಕೆ ಪಡೆಯುತ್ತಾನೆ. ಅಶ್ವತ್ಥಾಮನಿಗೆ ಬಿಡಲು ಬರುತ್ತದೆ, ಮರಳಿ ಪಡೆಯಲು ಬಾರದು. ಅವನು ಅದನ್ನು ಪಾಂಡವರ ಹೆಣ್ಣುಮಕ್ಕಳ ಗರ್ಭದ ಮೇಲೆ ತಿರುಗಿಸುತ್ತಾನೆ. ಹೂಡುವವನಿಗೆ ಹಿಂಪಡೆಯುವ ಯೋಗ್ಯತೆಯೂ ಇರಬೇಕೆಂಬ ಷರತ್ತೇ ಈ ಕಥೆಯ ಪ್ರಾಣ. ‘ಕಲ್ಕಿ 2898 ಎಡಿ’ ಚಿತ್ರದಲ್ಲಿ ನಾಗ್ ಅಶ್ವಿನ್ ಇದನ್ನು ಹಿಡಿದರು. ಶಾಪಗ್ರಸ್ತ ಅಶ್ವತ್ಥಾಮ ಸಾವಿಲ್ಲದೆ ಭವಿಷ್ಯದವರೆಗೂ ಬದುಕಿ, ಈ ಸಲ ಒಂದು ಗರ್ಭವನ್ನು ಕಾಯುತ್ತಾನೆ. ಆ ಚಿತ್ರದ ನಗರ, ವಾಹನ, ಆಯುಧಗಳಲ್ಲಿ ಹಾಲಿವುಡ್‌ನ ನೆರಳು ದಟ್ಟವಾಗಿದೆ. ಅಮಿತಾಭ್ ಬಚ್ಚನ್ ಬಂದ ದೃಶ್ಯಗಳಲ್ಲಿ ಮಾತ್ರ ಅದು ಬೇರೆ ಯಾರೂ ತೆಗೆಯಲಾರದ ಸಿನಿಮಾ.

ಮಲಯಾಳಿಗಳು ಇನ್ನೂ ಮುಂದೆ ಹೋಗಿದ್ದಾರೆ. ಬೇಸಿಲ್ ಜೋಸೆಫ್ ಅವರ ‘ಮಿನ್ನಲ್ ಮುರಳಿ’ಯಲ್ಲಿ (2021) ಒಂದೇ ರಾತ್ರಿಯ ಸಿಡಿಲು ಊರ ದರ್ಜಿಗೂ ಬಡಿಯುತ್ತದೆ, ಊರವರೆಲ್ಲ ತುಚ್ಛವಾಗಿ ಕಂಡ ಬಡಪಾಯಿ ಶಿಬುವಿಗೂ ಬಡಿಯುತ್ತದೆ. ಒಬ್ಬ ನಾಯಕನಾದ, ಇನ್ನೊಬ್ಬ ಖಳನಾದ. ‘ಲೋಕಾ’ (2025) ಕೇರಳದ ಯಕ್ಷಿ ನೀಲಿಯ ಐತಿಹ್ಯವನ್ನು ಇಂದಿನ ಬೆಂಗಳೂರಿಗೆ ತಂದು ನಿಲ್ಲಿಸಿತು.

ಕನ್ನಡ ಹಿಂದೆ ಬಿದ್ದದ್ದು ಧೈರ್ಯ ಸಾಲದೆ ಅಲ್ಲ. ರಾಜಶೇಖರ ಭೂಸನೂರಮಠ ಅವರು ದಶಕಗಳ ಹಿಂದೆಯೇ ವೈಜ್ಞಾನಿಕ ಕಾದಂಬರಿಗಳನ್ನು ಬರೆದರು. 2002ರಲ್ಲೇ ಉಪೇಂದ್ರ ‘ಹಾಲಿವುಡ್’ನಲ್ಲಿ ಯಂತ್ರಮಾನವನಾದರು, ಶಂಕರ್ ಅವರ ‘ಎಂದಿರನ್’ ಬಂದದ್ದು 2010ರಲ್ಲಿ. ದೈವಾರಾಧನೆ ಪುರಾಣವೂ ಅಲ್ಲ, ಫ್ಯಾಂಟಸಿಯೂ ಅಲ್ಲ, ತುಳುನಾಡಿನ ಜೀವಂತ ನಂಬಿಕೆ. ಅದನ್ನು ತೆರೆಗೆ ತಂದ ‘ಕಾಂತಾರ’ (2022) ಜನರ ಎದೆ ಮುಟ್ಟಿದ್ದು ಕೂಡ, ರಾಜ ಕೊಟ್ಟ ಭೂಮಿಯನ್ನು ಮರಳಿ ಕೇಳಿದರೆ ಸುಮ್ಮನಿರೆನೆಂಬ ದೈವದ ಮಾತಿನ ಬಲದಿಂದ. ಅಲ್ಲಿಯೂ ಇರುವುದು ಒಂದು ಕರಾರು, ಅದು ಮುರಿದಾಗಿನ ಪರಿಣಾಮ.

ಹಾಗಾಗಿ ಕನ್ನಡದ ಸೂಪರ್‌ಹೀರೋ ಸಿನಿಮಾ ಬರೆಯಲು ಹೊರಟಿರುವ ಹುಡುಗ ಹುಡುಗಿಯರಿಗೆ ನನ್ನ ವಿನಂತಿ ಇಷ್ಟು: ಗ್ರಾಫಿಕ್ಸ್ ಬಜೆಟ್ ಲೆಕ್ಕ ಹಾಕುವ ಮೊದಲು ನಿಮ್ಮ ನಾಯಕನಿಗೆ ಏನು ಮಾಡಲು ಬಾರದು ಎಂಬುದನ್ನು ಬರೆದಿಡಿ. ಉಳಿದ ನಾವೆಲ್ಲ ಮಾಡಬಹುದಾದ ಸಣ್ಣ ಕೆಲಸವೂ ಒಂದಿದೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಊರೂರಿನಲ್ಲಿ ತಾಳಮದ್ದಳೆ ನಡೆಯುತ್ತದೆ. ಈಚೆಗೆ ಬೆಂಗಳೂರಿನಲ್ಲೂ ಆಗುತ್ತದೆ. ಮಾರ್ವೆಲ್ ಟೀ ಶರ್ಟ್ ತೊಟ್ಟ ಮನೆಯ ಮಕ್ಕಳನ್ನು ಒಮ್ಮೆ ‘ವಾಲಿವಧೆ’ಗೋ ‘ಕರ್ಣಪರ್ವ’ಕ್ಕೋ ಕರೆದೊಯ್ಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ಹಿಂದಿರುಗುವಾಗ ದಾರಿಯಲ್ಲಿ ಅವರು ಹೂಡುವ ವಾದಕ್ಕೆ ಪುರುಸೊತ್ತು ಮಾಡಿಕೊಂಡು ಕಿವಿಗೊಡಿ.